ಉಸಿರಿನ ಪಾಠ ಬಾಯಿ ಮುಚ್ಚಿಸುವ ಪಾಠ ಆಗಬಾರದು

ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ಉಸಿರಾಟದ ಅಭ್ಯಾಸ ಯಾವಾಗ ಮಾಡಿಸುತ್ತಾರೆ ಅಂತ ಒಮ್ಮೆ ಗಮನಿಸಿ ನೋಡಿ. ಹೆಚ್ಚಾಗಿ ಗಲಾಟೆ ಜಾಸ್ತಿಯಾದಾಗ. ಟೀಚರ್ ಗಂಟಲು ಸೋತಿರುತ್ತದೆ, ಹಿಂದಿನ ಬೆಂಚಿನಲ್ಲಿ ಇಬ್ಬರು ಕಿತ್ತಾಡುತ್ತಿರುತ್ತಾರೆ, ಆಗ ಒಂದು ಗದರಿಕೆ ಹೊರಡುತ್ತದೆ: "ಎಲ್ಲರೂ ಕೈ ಕಟ್ಟಿ, ಕಣ್ಣು ಮುಚ್ಚಿ, ದೊಡ್ಡದಾಗಿ ಉಸಿರು ಎಳ್ಕೊಳ್ಳಿ!" ಮಕ್ಕಳು ಕಣ್ಣು ಮುಚ್ಚುತ್ತಾರೆ. ತರಗತಿ ಸುಮ್ಮನಾಗುತ್ತದೆ. ದೊಡ್ಡವರಿಗೆ ನೆಮ್ಮದಿ. ಆದರೆ ಆ ಮಕ್ಕಳು ಆವತ್ತು ಕಲಿತದ್ದೇನು? ತಪ್ಪು ಮಾಡಿದಾಗ ಉಸಿರು ಎಳೆದುಕೊಳ್ಳಬೇಕು ಅಂತ.

ನಾನು ಪ್ರಾಥಮಿಕ ತರಗತಿಯ ಮಕ್ಕಳಿಗೆ ಪಾಠ ಮಾಡುವವಳು. ಉಸಿರಿನ ಆಟಗಳು, ಮೈ ಕುಣಿಸುವ ಆಟಗಳು ನನ್ನ ತರಗತಿಯ ದಿನದಲ್ಲಿ ಸೇರಿಹೋಗಿವೆ. ಇವು ಮಕ್ಕಳಿಗೆ ನಿಜವಾಗಿಯೂ ಉಪಯೋಗ ಆಗುತ್ತವೆ ಅಂತ ನಂಬಿದ್ದೇನೆ. ಹಾಗಾಗಿಯೇ ಇವನ್ನು ಶಿಸ್ತಿನ ಕೋಲಿನ ಹಾಗೆ ಬಳಸುವುದನ್ನು ಕಂಡಾಗ ತುಂಬಾ ಬೇಜಾರಾಗುತ್ತದೆ. ಉಸಿರು ಮಗುವಿನದು. ಅದನ್ನು ಗಮನಿಸುವುದನ್ನು ಕಲಿಸಿದರೆ ಆ ಕಲಿಕೆಯೂ ಮಗುವಿನದೇ ಆಗಿರಬೇಕು, ತರಗತಿಯನ್ನು ಹತೋಟಿಗೆ ತರುವ ದೊಡ್ಡವರ ಉಪಾಯ ಆಗಬಾರದು. ನಾನು ಹೇಳಬೇಕಾದ್ದು ಮುಖ್ಯವಾಗಿ ಇಷ್ಟೇ, ಆದರೆ ಇದರೊಳಗೆ ಬಿಡಿಸಿ ಹೇಳಬೇಕಾದ ಸಂಗತಿಗಳು ಬಹಳ ಇವೆ.

ಮೊದಲು ಮೈಯೊಳಗೆ ಏನಾಗುತ್ತದೆ ನೋಡೋಣ. ಉಸಿರು ಒಳಗೆ ಎಳೆದುಕೊಳ್ಳುವಾಗ ಹೃದಯದ ಬಡಿತ ಸ್ವಲ್ಪ ಚುರುಕಾಗುತ್ತದೆ. ಹೊರಗೆ ಬಿಡುವಾಗ ಸ್ವಲ್ಪ ನಿಧಾನವಾಗುತ್ತದೆ. ಮಿದುಳಿನ ಬುಡದಿಂದ ಹೊರಟು ಎದೆ, ಹೊಟ್ಟೆಯವರೆಗೂ ಹರಡಿಕೊಂಡಿರುವ ವೇಗಸ್ ಎಂಬ ನರ ಈ ಕೆಲಸದಲ್ಲಿ ದೊಡ್ಡ ಪಾತ್ರ ವಹಿಸುತ್ತದೆ. ಆರೋಗ್ಯವಂತ ಮಕ್ಕಳಲ್ಲಿ ಈ ಏರಿಳಿತ ಚೆನ್ನಾಗಿಯೇ ಕಾಣುತ್ತದೆ. ಅಂದರೆ ಉಸಿರು ಬಿಡುವುದನ್ನು ಸ್ವಲ್ಪ ಉದ್ದ ಮಾಡಿದರೆ ಮೈಗೆ "ಪರವಾಗಿಲ್ಲ, ಈಗ ನಿಧಾನ ಆಗಬಹುದು" ಅಂತ ಸುದ್ದಿ ಹೋಗುತ್ತದೆ. ಇದರಲ್ಲಿ ಪವಾಡ ಏನೂ ಇಲ್ಲ. ಎಲ್ಲರ ಮೈಯಲ್ಲೂ ದಿನವಿಡೀ ನಡೆಯುತ್ತಲೇ ಇರುವ ಕೆಲಸ ಇದು.

ಆದರೆ ಇಲ್ಲೇ ದೊಡ್ಡವರು ಎಡವುವುದು. ತಾವು ಯಾವುದೋ ಆ್ಯಪ್‌ನಲ್ಲಿ ಕಲಿತ ಲೆಕ್ಕವನ್ನೇ ಮಕ್ಕಳ ಮೇಲೆ ಹಾಕುತ್ತಾರೆ. ನಾಲ್ಕು ಎಣಿಸುವವರೆಗೆ ಎಳಿ, ನಾಲ್ಕು ಎಣಿಸುವವರೆಗೆ ಹಿಡಿ, ನಾಲ್ಕು ಎಣಿಸುವವರೆಗೆ ಬಿಡು. ದೊಡ್ಡವರು ಸುಮ್ಮನೆ ಕುಳಿತಾಗ ನಿಮಿಷಕ್ಕೆ ಸುಮಾರು 12ರಿಂದ 20 ಸಲ ಉಸಿರಾಡುತ್ತಾರೆ. ಆರೇಳು ವರ್ಷದ ಮಗು ಅದಕ್ಕಿಂತ ವೇಗವಾಗಿ, ಸುಮಾರು 18ರಿಂದ 25 ಸಲ ಉಸಿರಾಡುತ್ತದೆ. ಅದರ ಎದೆಗೂಡು ಚಿಕ್ಕದು, ಶ್ವಾಸಕೋಶ ಇನ್ನೂ ಬೆಳೆಯುತ್ತಿದೆ. ದೊಡ್ಡವರಿಗೆ ಹಿತವಾದ ಲೆಕ್ಕ ಆ ಮಗುವಿಗೆ ಉಸಿರು ಕಟ್ಟಿಸುವ ಲೆಕ್ಕ ಆಗಬಹುದು. ಉಸಿರು ಹಿಡಿದಿಡುವ ಅಭ್ಯಾಸ ಚಿಕ್ಕ ತರಗತಿಗಳಿಗೆ ಬೇಡವೇ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಕ್ಕಳು ಅದನ್ನು ಕೂಡಲೇ ಪಂದ್ಯ ಮಾಡಿಕೊಳ್ಳುತ್ತಾರೆ, ಯಾರು ಜಾಸ್ತಿ ಹೊತ್ತು ಹಿಡಿಯುತ್ತಾರೆ ಅಂತ ಮುಖ ಕೆಂಪಗಾಗುವವರೆಗೂ ಬಿಡುವುದಿಲ್ಲ.

"ದೊಡ್ಡದಾಗಿ ಉಸಿರು ಎಳ್ಕೊಳ್ಳಿ" ಅನ್ನುವ ಮಾತಿನಲ್ಲೂ ತೊಂದರೆ ಇದೆ. ಹಾಗೆ ಹೇಳಿ ನೋಡಿ. ಅರ್ಧಕ್ಕರ್ಧ ಮಕ್ಕಳು ಭುಜ ಕಿವಿಯವರೆಗೂ ಎತ್ತುತ್ತಾರೆ, ಎದೆ ಉಬ್ಬಿಸುತ್ತಾರೆ, ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಾರೆ, ಆಮೇಲೆ ಬುಸ್ ಅಂತ ಬಿಟ್ಟು ಮತ್ತೆ ಜೋರಾಗಿ ಎಳೆಯುತ್ತಾರೆ. ಹೀಗೆ ಬೇಗ ಬೇಗ ದೊಡ್ಡ ಉಸಿರು ತೆಗೆದುಕೊಂಡರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಆಗ ತಲೆ ತಿರುಗುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ. ನೆಮ್ಮದಿ ಕೊಡಲು ಹೊರಟ ಅಭ್ಯಾಸದಿಂದ ಮಗುವಿಗೆ ಗಾಬರಿ ಆದರೆ ಅದು ಮತ್ತೆ ಇತ್ತ ತಲೆ ಹಾಕುವುದಿಲ್ಲ.

ಹಾಗಾಗಿ ನಾನು ಶುರು ಮಾಡುವುದು ಉಸಿರು ಬಿಡುವುದರಿಂದ. ಎಳೆದುಕೊಳ್ಳುವುದರ ಬಗ್ಗೆ ಮಾತೇ ಆಡುವುದಿಲ್ಲ. ಪೂರ್ತಿ ಬಿಟ್ಟ ಮೇಲೆ ಒಳಗೆ ಎಳೆದುಕೊಳ್ಳುವ ಕೆಲಸವನ್ನು ಮೈ ತಾನೇ ಮಾಡಿಕೊಳ್ಳುತ್ತದೆ, ಅದಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಅಂಗೈ ಮೇಲೆ ಒಂದು ಹಕ್ಕಿ ಗರಿ ಇಟ್ಟುಕೊಂಡು, ಅದು ಬೀಳದ ಹಾಗೆ, ಬರೀ ಅಲುಗುವಷ್ಟು ಮೆಲ್ಲಗೆ ಊದುವುದು. ಸಾಬೂನಿನ ಗುಳ್ಳೆ ಒಡೆಯದ ಹಾಗೆ ಊದುವುದು. ಇಲ್ಲಿ ಗುಟ್ಟು ಏನೆಂದರೆ ಜೋರಾಗಿ ಊದಿದರೆ ಆಟ ಕೆಡುತ್ತದೆ. ಗುಳ್ಳೆ ಒಡೆದುಹೋಗುತ್ತದೆ, ಗರಿ ಹಾರಿಹೋಗುತ್ತದೆ. ನಿಧಾನವಾಗಿ ಊದು ಅಂತ ನಾನು ಹೇಳಬೇಕಾದ್ದೇ ಇಲ್ಲ, ಗುಳ್ಳೆಯೇ ಹೇಳಿಕೊಡುತ್ತದೆ. ಇನ್ನೊಂದು, ಎಡಗೈ ಬೆರಳುಗಳನ್ನು ಅಗಲಿಸಿ ಹಿಡಿದು ಬಲಗೈ ತೋರುಬೆರಳಿನಿಂದ ಅದರ ಅಂಚನ್ನು ಸವರುತ್ತಾ ಹೋಗುವುದು. ಬೆರಳು ಹತ್ತುವಾಗ ಉಸಿರು ಒಳಗೆ, ಇಳಿಯುವಾಗ ಹೊರಗೆ. ಇದು ಬಹಳ ಕಡೆ ಬಳಕೆಯಲ್ಲಿರುವ ವಿಧಾನ. ನನಗೆ ಇದು ಇಷ್ಟ ಏಕೆಂದರೆ ಮಗು ತನ್ನ ವೇಗದಲ್ಲೇ ಮಾಡಬಹುದು, ಮೇಜಿನ ಕೆಳಗೆ ಕೈ ಇಟ್ಟುಕೊಂಡು ಯಾರಿಗೂ ಗೊತ್ತಾಗದ ಹಾಗೆಯೂ ಮಾಡಬಹುದು.

ದುಂಬಿಯ ಹಾಗೆ ಗುಂಯ್‌ಗುಡುವುದಂತೂ ಚಿಕ್ಕವರಿಗೆ ಪಂಚಪ್ರಾಣ. ಯೋಗದಲ್ಲಿ ಭ್ರಾಮರಿ ಅಂತ ಕರೆಯುವುದು ಇದನ್ನೇ. ತುಟಿ ಮುಚ್ಚಿ ಮೂಗಿನಿಂದ ಗುಂಯ್ ಅನ್ನುವಾಗ ಉಸಿರು ತಾನಾಗಿಯೇ ಉದ್ದವಾಗಿ, ನಿಧಾನವಾಗಿ ಹೊರಗೆ ಹೋಗುತ್ತದೆ. 2002ರಲ್ಲಿ ಸ್ವೀಡನ್ನಿನ ಸಂಶೋಧಕರು ಸುಮ್ಮನೆ ಮೂಗಿನಿಂದ ಉಸಿರು ಬಿಡುವುದಕ್ಕೂ ಹೀಗೆ ಗುಂಯ್‌ಗುಡುವುದಕ್ಕೂ ಇರುವ ವ್ಯತ್ಯಾಸ ಅಳೆದಿದ್ದರು. ಗುಂಯ್‌ಗುಡುವಾಗ ಮೂಗಿನಿಂದ ಬರುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಸುಮಾರು 15 ಪಟ್ಟು ಹೆಚ್ಚಾಗಿತ್ತು. ಇದರಿಂದ ಮಕ್ಕಳ ಮನಸ್ಸು ಶಾಂತವಾಗುತ್ತದೆ ಅಂತ ಆ ಅಧ್ಯಯನ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಮಕ್ಕಳಿಗೆ ಬೇಕಾದ್ದು ಬೇರೆ. ಕೈಯನ್ನು ಎದೆಯ ಮೇಲೆ, ಆಮೇಲೆ ಕೆನ್ನೆಯ ಮೇಲೆ, ಆಮೇಲೆ ನೆತ್ತಿಯ ಮೇಲೆ ಇಟ್ಟುಕೊಂಡು "ಇಲ್ಲೂ ನಡುಗುತ್ತೆ ಟೀಚರ್!" ಅಂತ ಕಂಡುಹಿಡಿಯುವ ಖುಷಿ. ತರಗತಿಯಲ್ಲಿ ಸದ್ದು ಇರುತ್ತದೆ ನಿಜ. ಇರಲಿ. ಗಮನ ಅಂದರೆ ಮೌನವೇ ಆಗಬೇಕು ಅಂತ ಯಾರು ಹೇಳಿದರು?

ಈಗ ಮೈಚಲನೆಯ ವಿಷಯಕ್ಕೆ ಬರುತ್ತೇನೆ, ನನ್ನ ಪ್ರಕಾರ ಇದೇ ಮೊದಲು ಬರಬೇಕಾದ್ದು. ಉಸಿರು ಆಮೇಲೆ. ಗಂಟೆಗಟ್ಟಲೆ ಬೆಂಚಿನ ಮೇಲೆ ಕುಳಿತಿದ್ದ ಮಗುವಿಗೆ ಇನ್ನೂ ಸ್ವಲ್ಪ ಹೊತ್ತು ಅಲುಗಾಡದೆ ಕುಳಿತು ಉಸಿರು ನೋಡು ಅನ್ನುವುದು ಎಷ್ಟು ಕಷ್ಟದ ಮಾತು ಯೋಚಿಸಿ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂಥ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಶಾಲೆಯ ಉಸಿರಾಟದ ಎರಡು ನಿಮಿಷ ಆ 60 ನಿಮಿಷಕ್ಕೆ ಬದಲಿ ಅಲ್ಲ. ಆಟದ ಅವಧಿ ಕಿತ್ತುಕೊಂಡು ಆ ಜಾಗದಲ್ಲಿ ಧ್ಯಾನದ ಅವಧಿ ಇಡುವುದು ಮಕ್ಕಳಿಗೆ ಮಾಡುವ ಅನ್ಯಾಯ. ಎಂಥ ಒಳ್ಳೆಯ ಉದ್ದೇಶ ಇದ್ದರೂ ಅನ್ಯಾಯವೇ.

ನನಗೆ ಅತ್ಯಂತ ಪ್ರಿಯವಾದ ಪಾಠ ಹೀಗಿದೆ. ಎಲ್ಲರೂ ಎದ್ದು ನಿಂತು ಅಂಗೈಯನ್ನು ಎದೆಯ ಮೇಲೆ ಇಟ್ಟುಕೊಂಡು ಬಡಿತ ಸಿಗುತ್ತದಾ ನೋಡಬೇಕು. ಹೆಚ್ಚಿನವರಿಗೆ ಸಿಗುವುದಿಲ್ಲ. ಆಮೇಲೆ ನಿಂತಲ್ಲೇ ಜಿಗಿಯಬೇಕು, ಕೈಕಾಲು ಒದರಬೇಕು, ಸಾಕು ಅನ್ನಿಸುವಷ್ಟು. ಈಗ ಮತ್ತೆ ಅಂಗೈ ಎದೆಯ ಮೇಲೆ. ಆಗ ಮುಖಗಳನ್ನು ನೋಡಬೇಕು! ಬಡಿತ ಕೈಗೆ ಹೊಡೆಯುತ್ತಿರುತ್ತದೆ. ಈಗ ನಿಂತುಕೊಂಡೇ ಅದು ನಿಧಾನ ಆಗುವುದನ್ನು ಕಾಯುವುದು, ಬೇಕಾದವರು ಮೆಲ್ಲಗೆ ಉಸಿರು ಊದುತ್ತಾ. ಇಲ್ಲಿ ಮಗು ಕಲಿಯುವುದು ಶಾಂತವಾಗಿರುವುದನ್ನಲ್ಲ. ಮೈ ಏರುತ್ತದೆ, ಏರಿದ್ದು ಇಳಿಯುತ್ತದೆ, ಅದು ಇಳಿಯುವುದನ್ನು ನಾನು ಒಳಗಿನಿಂದ ನೋಡಬಲ್ಲೆ ಅನ್ನುವುದನ್ನು. ಸಿಟ್ಟು ಬಂದಾಗಲೂ ಹೆದರಿದಾಗಲೂ ಎದೆ ಹೀಗೇ ಬಡಿಯುತ್ತದೆ. ಅದು ಗೊತ್ತಿದ್ದ ಮಗುವಿಗೆ ಆ ಬಡಿತ ಅಪರಿಚಿತ ಅಲ್ಲ. ಆದರೆ ಈ ಸಂಬಂಧವನ್ನು ನಾನು ಬಾಯಿಬಿಟ್ಟು ವಿವರಿಸಲು ಹೋಗುವುದಿಲ್ಲ. ಯಾವಾಗಲೋ ಒಂದು ದಿನ ಒಂದು ಮಗು ಬಂದು, ಕಥೆ ಹೇಳಲು ಎದ್ದು ನಿಂತಾಗ ಎದೆ ಜಿಗಿದ ಹಾಗೆ ಹೊಡೆದುಕೊಳ್ಳುತ್ತಿತ್ತು ಅಂತ ತಾನೇ ಹೇಳುತ್ತದೆ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಿಲ್ಲ.

ನಿಧಾನದ ಓಟವೂ ಹೀಗೇ. ಗೋಡೆಯಿಂದ ಗೋಡೆಗೆ ಹೋಗಬೇಕು, ಎಲ್ಲೂ ನಿಲ್ಲಬಾರದು, ಕೊನೆಗೆ ತಲುಪಿದವರೇ ಗೆದ್ದ ಹಾಗೆ. ಅಂಗಾಲು ನೆಲಕ್ಕೆ ಯಾವ ಕಡೆಯಿಂದ ತಾಗುತ್ತದೆ, ಮೈಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಹೇಗೆ ಜಾರುತ್ತದೆ, ಇವೆಲ್ಲ ಆಗಲೇ ತಿಳಿಯುವುದು. ಇಬ್ಬಿಬ್ಬರು ಎದುರುಬದುರು ನಿಂತು ಆಡುವ ಕನ್ನಡಿ ಆಟ ಇನ್ನೂ ಚೆಂದ, ಒಬ್ಬರು ಕೈ ಆಡಿಸಿದ ಹಾಗೆ ಇನ್ನೊಬ್ಬರು ಆಡಿಸುವುದು. ಒಂಟಿ ಕಾಲಲ್ಲಿ ನಿಲ್ಲುವುದನ್ನು ಒಬ್ಬೊಬ್ಬರೇ ಮಾಡಿದರೆ ಬೀಳುತ್ತಾರೆ. ಸಾಲಾಗಿ ನಿಂತು ಪಕ್ಕದವರ ಅಂಗೈಗೆ ಅಂಗೈ ತಾಗಿಸಿಕೊಂಡರೆ ಇಡೀ ಸಾಲು ನಿಲ್ಲುತ್ತದೆ. ಗಾಲಿಕುರ್ಚಿಯಲ್ಲಿರುವ ಮಗು ಇದ್ದರೆ ಆಟವನ್ನು ಮೊದಲೇ ಕೈ ಮತ್ತು ಭುಜಕ್ಕೆ ಬದಲಿಸಿಕೊಳ್ಳಬೇಕು, ಎಲ್ಲರಿಗೂ. ಆ ಮಗುವಿಗೆ ಮಾತ್ರ ಬೇರೆ ಆಟ ಕೊಡಬಾರದು.

ಕಣ್ಣು ಮುಚ್ಚುವ ವಿಷಯ. ನಾನು ಯಾವ ಮಗುವಿಗೂ ಕಣ್ಣು ಮುಚ್ಚು ಅನ್ನುವುದಿಲ್ಲ. ಬೇಕಿದ್ದರೆ ಮುಚ್ಚಿ, ಇಲ್ಲಾಂದ್ರೆ ನೆಲ ನೋಡಿ ಅನ್ನುತ್ತೇನೆ. ನಮ್ಮ ಮುಂದೆ ಕುಳಿತ ಮಕ್ಕಳಲ್ಲಿ ಯಾರು ಮನೆಯಲ್ಲಿ ಏನು ನೋಡಿ ಬಂದಿದ್ದಾರೆ ಅಂತ ನಮಗೆ ಗೊತ್ತಿರುವುದಿಲ್ಲ. ಏಟು ತಿಂದ, ಹೆದರಿಕೆಯಲ್ಲಿ ಬೆಳೆದ ಮಗುವಿಗೆ ಇಷ್ಟು ಜನರ ನಡುವೆ ಕಣ್ಣು ಮುಚ್ಚಿ ಕೂರುವುದು ನೆಮ್ಮದಿ ಅಲ್ಲ, ಅಪಾಯ. ಅಸ್ತಮಾ ಇರುವ ಮಗುವಿಗೆ ಉಸಿರನ್ನೇ ಗಮನಿಸು ಅಂದರೆ ಉಸಿರು ಸಿಗದೆ ಒದ್ದಾಡಿದ ರಾತ್ರಿಗಳು ನೆನಪಾಗಬಹುದು. ನೆಗಡಿಯಾಗಿ ಮೂಗು ಕಟ್ಟಿದ ಮಗುವಿಗೆ ಮೂಗಿನಿಂದಲೇ ಉಸಿರಾಡು ಅಂತ ಒತ್ತಾಯ ಮಾಡುವುದು ಸುಮ್ನೆ ಹಿಂಸೆ. ಇಂಥವರಿಗೆ ಉಸಿರೇ ಆಗಬೇಕು ಅಂತೇನಿಲ್ಲ. ಅಂಗಾಲು ನೆಲಕ್ಕೆ ತಾಗಿರುವುದನ್ನು ಗಮನಿಸಬಹುದು. ಗಂಟೆ ಬಾರಿಸಿ, ಅದರ ನಾದ ಪೂರ್ತಿ ಕರಗಿದ ಮೇಲೆ ಕೈ ಎತ್ತಿ ಅನ್ನಬಹುದು. ಗಮನ ಒಂದು ಕಡೆ ನಿಲ್ಲುವುದಷ್ಟೇ ಮುಖ್ಯ, ಎಲ್ಲಿ ಅನ್ನುವುದನ್ನು ಮಗು ಆರಿಸಿಕೊಳ್ಳಲಿ.

ಇಷ್ಟೆಲ್ಲ ಮಾಡಿದರೆ ಫಲ ಸಿಗುತ್ತದಾ ಅಂತ ಕೇಳುವವರು ಇದ್ದಾರೆ, ಕೇಳಬೇಕು ಕೂಡ. ಇದರ ಹೆಸರಿನಲ್ಲಿ ಅತಿ ದೊಡ್ಡ ಮಾತುಗಳನ್ನಾಡುವವರು ಬಹಳ ಜನ ಆಗಿದ್ದಾರೆ. ಅಂಕ ಹೆಚ್ಚುತ್ತದೆ, ಖಿನ್ನತೆ ಬರುವುದಿಲ್ಲ, ಮಕ್ಕಳ ಸ್ವಭಾವವೇ ಬದಲಾಗುತ್ತದೆ ಅಂತೆಲ್ಲ. ಬ್ರಿಟನ್ನಿನಲ್ಲಿ ನಡೆದ ಮಿರಿಯಡ್ ಎಂಬ ದೊಡ್ಡ ಪ್ರಯೋಗದ ಫಲಿತಾಂಶ 2022ರಲ್ಲಿ ಹೊರಬಂತು. 11ರಿಂದ 14 ವರ್ಷದ 8,000ಕ್ಕೂ ಹೆಚ್ಚು ಮಕ್ಕಳು ಅದರಲ್ಲಿದ್ದರು. ಮೈಂಡ್‌ಫುಲ್‌ನೆಸ್, ಅಂದರೆ ಆ ಹೊತ್ತಿನಲ್ಲಿ ಮೈಮನಸ್ಸಿನಲ್ಲಿ ಆಗುವುದನ್ನು ಗಮನಿಸುವ ಅಭ್ಯಾಸದ ಪಾಠ ಸಿಕ್ಕ ಮಕ್ಕಳ ಮಾನಸಿಕ ಆರೋಗ್ಯ, ಶಾಲೆಯ ಎಂದಿನ ಪಾಠಗಳಷ್ಟೇ ಸಿಕ್ಕ ಮಕ್ಕಳಿಗಿಂತ ಉತ್ತಮವಾಗಿ ಇರಲಿಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಿರಲೂ ಇಲ್ಲ. ಇದನ್ನು ಮುಚ್ಚಿಡಬಾರದು. ಅವರು ನಮ್ಮ ಪ್ರಾಥಮಿಕ ಮಕ್ಕಳಿಗಿಂತ ದೊಡ್ಡವರು, ಪಾಠದ ರೀತಿಯೂ ಬೇರೆ, ಅದೆಲ್ಲ ಸರಿ. ಆದರೂ ಇಡೀ ಶಾಲೆಗೆ ಒಂದೇ ಪಾಠ ಹಚ್ಚಿದರೆ ಎಲ್ಲರ ಮನಸ್ಸು ಸರಿಹೋಗುತ್ತದೆ ಅನ್ನುವ ಆಸೆಗೆ ಅದು ಸರಿಯಾದ ಉತ್ತರ ಕೊಟ್ಟಿತು. ಆ ಪ್ರಯೋಗದಲ್ಲೇ ನನ್ನ ಗಮನ ಸೆಳೆದ ಇನ್ನೊಂದು ಸಂಗತಿ, ತರಬೇತಿ ಪಡೆದ ಶಿಕ್ಷಕರ ದಣಿವು ಸ್ವಲ್ಪ ಕಾಲವಾದರೂ ಕಡಿಮೆಯಾಗಿತ್ತು.

ಇನ್ನೊಂದು ಕಡೆ, ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 300ಕ್ಕೂ ಹೆಚ್ಚು ಚಿಕ್ಕ ಮಕ್ಕಳಿಗೆ, ಪ್ರಯೋಗಾಲಯದಲ್ಲಿ ಅಲ್ಲ, ಆಟದ ಜಾಗ, ಶಿಬಿರದಂಥ ಕಡೆಗಳಲ್ಲೇ, ಸುಮಾರು ಒಂದು ನಿಮಿಷದ ವಿಡಿಯೊ ತೋರಿಸಿದರು. ನಿಧಾನವಾಗಿ ಉಸಿರಾಡಲು ಹೇಳಿಕೊಡುವ ವಿಡಿಯೊ ನೋಡಿ ಹಾಗೇ ಮಾಡಿದ ಮಕ್ಕಳ ಹೃದಯದ ಬಡಿತ ನಿಧಾನವಾಯಿತು. ಬೇರೆ ವಿಡಿಯೊ ನೋಡಿದವರಲ್ಲಿ ಹಾಗಾಗಲಿಲ್ಲ. ಇದು ಚಿಕ್ಕ ಮಾತು, ಆ ಹೊತ್ತಿನ ಮಾತು. ನನಗೆ ಅಷ್ಟು ಸಾಕು. ಒಂದು ನಿಮಿಷದ ಮಟ್ಟಿಗೆ ಎದೆಬಡಿತವನ್ನು ನಿಧಾನ ಮಾಡುವ ದಾರಿ ಏಳು ವರ್ಷದ ಮಗುವಿನ ಕೈಯಲ್ಲಿದೆ ಅಂದರೆ ಅದೇನು ಸಣ್ಣ ವಿಷಯವಾ?

ತಂದೆತಾಯಿಯರ ಪ್ರಶ್ನೆಗಳಲ್ಲಿ ಧರ್ಮದ ಪ್ರಶ್ನೆಯೂ ಬರುತ್ತದೆ. ಅಮೆರಿಕದ ಅಲಬಾಮಾ ರಾಜ್ಯ 1993ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಯೋಗವನ್ನೇ ನಿಷೇಧಿಸಿತ್ತು. 2021ರಲ್ಲಿ ಅದನ್ನು ಸಡಿಲಿಸಿದಾಗಲೂ ನಮಸ್ತೆ ಅನ್ನಬಾರದು, ಆಸನಗಳ ಹೆಸರು ಇಂಗ್ಲಿಷಿನಲ್ಲೇ ಇರಬೇಕು ಎಂಬ ಷರತ್ತು ಹಾಕಿತು. ಕ್ಯಾಲಿಫೋರ್ನಿಯಾದ ಎನ್ಸಿನೀಟಸ್ ಎಂಬಲ್ಲಿ ಶಾಲೆಯ ಯೋಗ ತರಗತಿ ಧಾರ್ಮಿಕ ಅಂತ ಪೋಷಕರು ಮೊಕದ್ದಮೆ ಹೂಡಿದ್ದರು. ಅಲ್ಲಿ ಕಲಿಸುತ್ತಿರುವ ರೀತಿ ಧಾರ್ಮಿಕ ಅಲ್ಲ ಅಂತ 2013ರಲ್ಲಿ ನ್ಯಾಯಾಲಯ ಹೇಳಿತು, 2015ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಪೋಷಕರ ಅನುಮಾನವನ್ನು ತಳ್ಳಿಹಾಕಬಾರದು ಅನ್ನುವುದು ನನ್ನ ನಿಲುವು. ಅವರನ್ನು ಕರೆದು, ಮಕ್ಕಳ ಜೊತೆ ಮಾಡುವುದನ್ನೇ ಅವರಿಂದಲೂ ಮಾಡಿಸಬೇಕು. ಗುಳ್ಳೆ ಊದಿ, ಎದೆಯ ಮೇಲೆ ಕೈ ಇಟ್ಟು ಜಿಗಿದ ಮೇಲೆ ಹೆಚ್ಚು ಮಾತು ಬೇಕಾಗುವುದಿಲ್ಲ. ಆಮೇಲೂ ಬೇಡ ಅಂದರೆ ಬೇಡ, ಅವರ ಮಗುವಿನ ವಿಷಯದಲ್ಲಿ ಆ ಮಾತನ್ನು ಗೌರವಿಸಬೇಕು.

ಯಾವಾಗ ಮಾಡಿಸಬೇಕು ಅಂತ ಶಿಕ್ಷಕ ಗೆಳೆಯರು ಕೇಳುತ್ತಾರೆ. ಎಲ್ಲ ಸರಿ ಇದ್ದಾಗ. ಮುಳುಗುತ್ತಿರುವವರಿಗೆ ಆಗ ಈಜು ಕಲಿಸಲು ಆಗುವುದಿಲ್ಲ, ಅಲ್ವಾ? ದಿನಾ ಒಂದೇ ಹೊತ್ತಿಗೆ, ಆಟದ ಬಿಡುವು ಮುಗಿಸಿ ಒಳಗೆ ಬಂದಾಗ, ಎರಡು ಮೂರು ನಿಮಿಷ. ವಾರಕ್ಕೊಂದು ಉದ್ದದ ಅವಧಿಗಿಂತ ಇದು ಮೇಲು. ಮತ್ತೆ ಶಿಕ್ಷಕರು ತಾವೂ ಮಾಡಬೇಕು. ಮಕ್ಕಳು ಕಣ್ಣು ಮುಚ್ಚಿದ್ದಾಗ ಹಾಜರಿ ಬರೆಯುವುದು, ಮೊಬೈಲ್ ನೋಡುವುದು ಬೇಡ. ನಮ್ಮ ದನಿಯಲ್ಲಿರುವ ಅವಸರ ಮಕ್ಕಳಿಗೆ ನಮ್ಮ ಮಾತಿಗಿಂತ ಮೊದಲು ತಲುಪುತ್ತದೆ.

ಆದರೆ ನಾನು ಅತ್ಯಂತ ಜೋರಾಗಿ ಹೇಳಬೇಕೆಂದಿರುವುದು ಸಿಟ್ಟಿನ ಬಗ್ಗೆ. ಒಂದು ಮಗು ಕೆಂಡವಾಗಿದೆ ಅಂದುಕೊಳ್ಳಿ. ಯಾರೋ ಅದರ ಚಿತ್ರ ಹರಿದಿದ್ದಾರೆ. ಅಥವಾ ಅದು ಮಾಡದ ತಪ್ಪಿಗೆ ಬೈಸಿಕೊಂಡಿದೆ. ಆಗ ದೊಡ್ಡವರು ಬಂದು "ಉಸಿರು ಎಳ್ಕೋ, ಸಮಾಧಾನ ಮಾಡ್ಕೋ" ಅಂದರೆ ಮಗುವಿಗೆ ಕೇಳಿಸುವುದು ಒಂದೇ: ನಿನಗೆ ಆದದ್ದು ಮುಖ್ಯ ಅಲ್ಲ, ನೀನು ಸುಮ್ಮನಾಗುವುದು ಮುಖ್ಯ. ಅದರ ಸಿಟ್ಟಿಗೆ ಕಾರಣ ಇದೆ. ಮೊದಲು ಕಾರಣ ಕೇಳಬೇಕು, ಅನ್ಯಾಯ ಆಗಿದ್ದರೆ ಸರಿ ಮಾಡಬೇಕು. ಹೊಡೆಯಲು ಹೋದರೆ ತಡೆಯಬೇಕು, ಅದು ಬೇರೆ. ಎದೆ ಇನ್ನೂ ಬಡಿಯುತ್ತಿದ್ದರೆ ಆಮೇಲೆ ಪಕ್ಕದಲ್ಲಿ ಕುಳಿತು, ನಾನೂ ಊದುತ್ತೇನೆ, ನೀನೂ ಊದುತ್ತೀಯಾ ಅಂತ ಕೇಳಬಹುದು. ಈ ಸರದಿ ತಪ್ಪಿದರೆ ಉಸಿರಿನ ಅಭ್ಯಾಸ ಮಕ್ಕಳ ಬಾಯಿಗೆ ಹಾಕುವ ಬೀಗ ಆಗುತ್ತದೆ. ಅನ್ಯಾಯ ಕಂಡಾಗ ಕೆರಳುವ ಮಗು ನಮಗೆ ಬೇಕು. ಅದನ್ನು ತಣ್ಣಗೆ ಮಾಡಲು ನಮಗೆ ಯಾವ ಹಕ್ಕೂ ಇಲ್ಲ.

ಹಾಗೆಯೇ ನಿದ್ದೆಗೆಟ್ಟ ಮಗುವಿನ ಚಡಪಡಿಕೆಗೆ ಉಸಿರಾಟ ಮದ್ದಲ್ಲ. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಅನ್ನುತ್ತಾರೆ ನಿದ್ರಾ ವೈದ್ಯರು. ಹಸಿದು ಬಂದ ಮಗು, ಕಣ್ಣು ಸರಿಯಾಗಿ ಕಾಣದೆ ಬೋರ್ಡಿನ ಕಡೆ ಇಣುಕಿ ಇಣುಕಿ ಸುಸ್ತಾದ ಮಗು, ಪಾಠ ಅರ್ಥವೇ ಆಗದೆ ಕುಳಿತ ಮಗು, ಇವರಿಗೆಲ್ಲ ಬೇರೆ ಬೇರೆ ಸಹಾಯ ಬೇಕು. ಒಂದೇ ಕೋಣೆಯಲ್ಲಿ ಲೆಕ್ಕಕ್ಕಿಂತ ಜಾಸ್ತಿ ಮಕ್ಕಳನ್ನು ತುಂಬಿ, ಆಟಕ್ಕೆ ಜಾಗ ಕೊಡದೆ, ಕೊನೆಗೆ ಅವರಿಗೆ ಒತ್ತಡ ನಿಭಾಯಿಸಲು ಕಲಿಸುತ್ತೇವೆ ಅನ್ನುವುದು ಸರಿಯಲ್ಲ.

ಇನ್ನು ಸೇರಿಕೊಳ್ಳದ ಮಕ್ಕಳ ವಿಷಯ. ಪ್ರತಿ ತರಗತಿಯಲ್ಲೂ ಇರುತ್ತಾರೆ. "ನಂಗೆ ಬೇಡ" ಅಂತ ನೇರವಾಗಿ ಹೇಳುವವರು, ಹೇಳದೆ ಕಿಟಕಿಯಾಚೆ ನೋಡುವವರು. ಅವರಿಗೆ ಒಂದು ಹಾಳೆ, ಬಣ್ಣದ ಪೆನ್ಸಿಲ್ ಕೊಟ್ಟುಬಿಡುತ್ತೇನೆ. ಬೇರೆಯವರಿಗೆ ತೊಂದರೆ ಕೊಡಬಾರದು ಅನ್ನುವುದೊಂದೇ ನಿಯಮ. ಕೆಲವರು ಒಂದಷ್ಟು ದಿನ ಬರೀ ನೋಡಿ ಆಮೇಲೆ ತಾವಾಗಿಯೇ ಬಂದು ಸೇರುತ್ತಾರೆ. ಕೆಲವರು ವರ್ಷ ಕಳೆದರೂ ಬರುವುದಿಲ್ಲ, ಚಿತ್ರ ಬರೆದುಕೊಂಡೇ ಅವರಿಗೆ ಬೇಕಾದ್ದು ಸಿಕ್ಕಿರುತ್ತದೆ. ಇಂಥ ಕಾರ್ಯಕ್ರಮಗಳ ವರದಿ ಹಾಳೆಯಲ್ಲಿ ಎಷ್ಟು ಮಕ್ಕಳು ಭಾಗವಹಿಸಿದರು ಅಂತ ಒಂದು ಕಾಲಂ ಇದ್ದೇ ಇರುತ್ತದೆ. ಆ ಕಾಲಂ ತೆಗೆದುಹಾಕಿ ಅನ್ನುತ್ತೇನೆ ನಾನು. ಅದು ಇರುವವರೆಗೂ ಯಾವ ಶಿಕ್ಷಕರಿಗೂ ಒಂದು ಮಗುವಿನ "ಬೇಡ"ವನ್ನು ಒಪ್ಪಿಕೊಳ್ಳುವ ಧೈರ್ಯ ಬರುವುದಿಲ್ಲ.